ಕೊಂಡವನೊಬ್ಬ, ಆಡುವವರೈವರು

ಚೌಕಾಬಾರ ಆಡುವುದಕ್ಕಾಗಿ ಯಾರೂ ಪುಸ್ತಕ ಕೊಂಡುದಿಲ್ಲ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಐದೈದರ ಇಪ್ಪತ್ತೈದು ಮನೆ ಗೀಚಿ, ನಾಲ್ಕು ಕವಡೆ ಹಿಡಿದು ಕುಳಿತರೆ ಆಟ ಸಿದ್ಧ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಭಾರ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ. ಇಷ್ಟನ್ನು ಅಜ್ಜಿ ಮೊಮ್ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಿದಳು. ಅವಳಿಗೆ ಅವಳ ಅಜ್ಜಿ ಕಲಿಸಿದ್ದಳು. ಮಲ್ಲೇಶ್ವರದ ಮನೆಯ ಕಟ್ಟಳೆಗೂ ಚಾಮರಾಜಪೇಟೆಯ ಮನೆಯ ಕಟ್ಟಳೆಗೂ ಕೊಂಚ ವ್ಯತ್ಯಾಸವಿದ್ದರೆ, ಹೊಸದಾಗಿ ಬಂದ ಸೊಸೆಗೂ ನಾದಿನಿಗೂ ಒಂದು ಮಧ್ಯಾಹ್ನ ವಾಗ್ವಾದ ನಡೆಯುತ್ತಿತ್ತೇ ಹೊರತು, ಈ ನಿಯಮ ಯಾರ ಸೊತ್ತು ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ಕೊಟ್ಟದ್ದುಂಟು. ಆದರೆ ಅದು ಅರಮನೆಯ ವಿನೋದ. ಪ್ರತಿಗೆ ಇಷ್ಟು ಎಂದು ಬೆಲೆ ಕಟ್ಟಿ ಮಾರಲು ಹೊರಟ ಸರಕಲ್ಲ.

ಈಗ ಅವೇ ಬಡಾವಣೆಗಳ ಹಳೆಯ ಮನೆಗಳ ಮಹಡಿಯ ಕೋಣೆಗಳಲ್ಲಿ ಶನಿವಾರದ ಸಂಜೆ ಬೇರೊಂದು ಆಟ ನಡೆಯುವುದುಂಟು. ಮೇಜಿನ ಸುತ್ತ ನಾಲ್ಕೈದು ಮಂದಿ ತರುಣ ತರುಣಿಯರು. ನಡುವೆ ಚೌಕುಳಿ ಗೆರೆಯ ಒಂದು ಹಾಳೆ, ಇಪ್ಪತ್ತು ಮುಖದ ಒಂದು ದಾಳ, ಪಕ್ಕದಲ್ಲಿ ಗಾಂಧಿಬಜಾರಿನಿಂದ ಕಟ್ಟಿಸಿ ತಂದ ಕಾಂಗ್ರೆಸ್ ಕಡಲೆಕಾಯಿಬೀಜದ ಪೊಟ್ಟಣ. ಒಬ್ಬಳು ಮಾಂತ್ರಿಕಳು, ಒಬ್ಬ ಕತ್ತಿವರಸೆಯ ವೀರ, ಇನ್ನೊಬ್ಬ ಎಂಥ ಬೀಗವನ್ನಾದರೂ ತೆರೆಯಬಲ್ಲ ಚೋರ. ಮೇಜಿನ ತಲೆಭಾಗದಲ್ಲಿ ಕುಳಿತವನು ಸೂತ್ರಧಾರ. ‘ಗುಹೆಯ ಬಾಗಿಲು ತೆರೆದಿದೆ, ಒಳಗೆ ಕಗ್ಗತ್ತಲೆ, ಏನು ಮಾಡುತ್ತೀರಿ?’ ಎಂದು ಅವನು ಕೇಳುತ್ತಾನೆ. ಉಳಿದವರು ತಂತಮ್ಮ ಪಾತ್ರದ ಬಾಯಿಂದ ಉತ್ತರ ಹೇಳುತ್ತಾರೆ. ಹೇಳಿದ್ದು ಕೈಗೂಡಿತೇ ಇಲ್ಲವೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಪಾತ್ರ ವಹಿಸಿ ಆಡುವ ಈ ಬಗೆಯ ಮೇಜಿನಾಟಗಳಿಗೆಲ್ಲ ಮೂಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ೧೯೭೪ರಲ್ಲಿ ಹೊರಟಿತು. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್.

ಕರಾವಳಿಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರಿಗೆ ಇದನ್ನು ಇಷ್ಟು ಬಿಡಿಸಿ ಹೇಳಬೇಕಾದುದಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದೊಡನೆ ಅರ್ಥಧಾರಿಗಳು ಕುಳಿತಲ್ಲಿಯೇ ಕೃಷ್ಣನೂ ಕೌರವನೂ ಆಗಿ, ಆಶುವಾಗಿ, ಒಬ್ಬರ ಮಾತಿಗೆ ಇನ್ನೊಬ್ಬರು ಗಂಟು ಹಾಕುತ್ತ ರಾತ್ರಿಯನ್ನು ಬೆಳಗು ಮಾಡುತ್ತಾರೆ. ಅರ್ಥಧಾರಿ ಮನೆಯಲ್ಲಿ ಓದಿಕೊಂಡು ಬಂದಿರುತ್ತಾನೆ; ಸಭೆಯಲ್ಲಿ ಪುಸ್ತಕ ಬಿಡಿಸುವುದಿಲ್ಲ. ಪ್ರಸಂಗದ ಪ್ರತಿ ಇರುವುದು ಭಾಗವತರ ಮುಂದೆ, ಅದೂ ಒಂದೇ. ಕೂಟಕ್ಕೊಂದು ಪುಸ್ತಕ ಎಂಬುದು ಇಂಥ ಕಲಾಪಗಳ ಸ್ವಭಾವದಲ್ಲಿಯೇ ಸೇರಿದೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಕರ್ಣಾರ್ಜುನರ ಕಥೆ ಎಲ್ಲರಿಗೂ ಗೊತ್ತು. ಮಾಂತ್ರಿಕಳ ಮಂತ್ರಕ್ಕೆ ಎಷ್ಟು ಮಾರು ದೂರದವರೆಗೆ ಶಕ್ತಿಯಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಅದನ್ನು ಪುಸ್ತಕದಲ್ಲಿ ನೋಡಬೇಕು. ನೋಡಬೇಕಾದ ಪುಸ್ತಕವಾದರೂ ಒಂದಲ್ಲ: ಆಟಗಾರರ ಕೈಪಿಡಿ, ಸೂತ್ರಧಾರನ ಕೈಪಿಡಿ, ರಾಕ್ಷಸರ ಕೋಶ ಎಂದು ಮೂರು, ಒಂದೊಂದೂ ಮುನ್ನೂರು ಪುಟ ಮೀರಿದ್ದು. ಅಮೆರಿಕದ ಪಟ್ಟಿಯ ಪ್ರಕಾರ ಒಂದೊಂದರ ಬೆಲೆ ಸುಮಾರು ೫೦ ಡಾಲರು, ಎಂದರೆ ೪,೦೦೦ ರೂಪಾಯಿಗೂ ಮಿಕ್ಕದ್ದು. ಮೂರಕ್ಕೂ ಸೇರಿ ೧೨,೦೦೦ ದಾಟಿತು. ಐವರು ಆಡುವ ಆಟಕ್ಕೆ ಐವರೂ ಅಷ್ಟಷ್ಟು ತೆರಬೇಕೆಂದರೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಬಾಡಿಗೆಗೂ ಮೆಸ್ಸಿನ ಲೆಕ್ಕಕ್ಕೂ ಏನು ಉಳಿದೀತು? ಆದುದರಿಂದ ಒಬ್ಬ ಕೊಳ್ಳುತ್ತಾನೆ, ಐವರು ಆಡುತ್ತಾರೆ. ಕೊಂಡದ್ದು ಕಾಗದದ ಪುಸ್ತಕವಾಗಿದ್ದಷ್ಟು ಕಾಲ ಇದರಲ್ಲಿ ತಕರಾರಿರಲಿಲ್ಲ. ಕೊಂಡದ್ದು ಪಿ.ಡಿ.ಎಫ್. ಕಡತವಾದ ಮೇಲೆ ತಕರಾರು ಹುಟ್ಟಿತು.

ಆಟ ಹರಡಿದುದೇ ನಕಲಿನ ಬಲದಿಂದ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಸತ್ಯವೂ ಇದೆ. ೧೯೭೪ರಲ್ಲಿ ಅಚ್ಚಾದುದು ಒಂದು ಸಾವಿರ ಪ್ರತಿ. ಪೆಟ್ಟಿಗೆಯೊಂದರಲ್ಲಿ ಮೂರು ತೆಳುವಾದ ಹೊತ್ತಗೆ, ಬೆಲೆ ೧೦ ಡಾಲರು. ಅಂದಿನ ವಿದ್ಯಾರ್ಥಿಗಳಿಗೆ ಅದು ದುಬಾರಿ. ಅವರು ವಿಶ್ವವಿದ್ಯಾಲಯಗಳ ನಕಲುಯಂತ್ರಗಳ ಮುಂದೆ ನಿಂತು ಪ್ರತಿ ತೆಗೆದುಕೊಂಡರು. ಆಟ ಅಮೆರಿಕದ ಉದ್ದಗಲಕ್ಕೆ ಹಬ್ಬಿತು. ಕನ್ನಡಿಗರಿಗೂ ಇಂಥ ಒಂದು ಸ್ಮರಣೆಯಿದೆ, ಅದೂ ಬಲು ಹಿರಿಯದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳೆಂದು ಅತ್ತಿಮಬ್ಬೆಯನ್ನು ಇಂದಿಗೂ ಕೊಂಡಾಡುತ್ತಾರೆ. ನಕಲು ಮಾಡಿಸುವುದು ಅಂದು ಪುಣ್ಯಕಾರ್ಯ. ಆದರೆ ಅತ್ತಿಮಬ್ಬೆ ಲಿಪಿಕಾರರಿಗೆ ಕೂಲಿ ಕೊಟ್ಟಳು, ಓಲೆಗೆ ಹಣ ತೆತ್ತಳು. ಕವಿಯ ಯೋಗಕ್ಷೇಮವನ್ನು ನೋಡಿಕೊಳ್ಳಲು ಅರಸನಿದ್ದನು. ಇಂದಿನ ಆಟದ ಲೇಖಕನಿಗೆ ಅರಸನಿಲ್ಲ, ಕೊಳ್ಳುವವನೇ ಅರಸ. ಈ ಹೋಲಿಕೆಯನ್ನು ಎಳೆದು ತರುವವರು ಆ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹಂಚಿಕೆ ಹೇಗೆ ಬೆಳೆಯುತ್ತದೆ ಎಂಬುದನ್ನು ನೋಡಿದರೆ, ಅದರಲ್ಲಿ ದುರುದ್ದೇಶವೇ ಇರುವುದಿಲ್ಲ. ಸೂತ್ರಧಾರ ಕಡತವನ್ನು ಕೊಳ್ಳುತ್ತಾನೆ. ‘ನಿಮ್ಮ ನಿಮ್ಮ ಪಾತ್ರ ಸಿದ್ಧಮಾಡಿಕೊಂಡು ಬನ್ನಿ’ ಎಂದು ನಾಲ್ವರಿಗೆ ವಾಟ್ಸಾಪಿನಲ್ಲಿ ಕಳುಹಿಸುತ್ತಾನೆ. ನಾಲ್ಕು ತಿಂಗಳಾದ ಮೇಲೆ ಒಬ್ಬ ಪುಣೆಗೆ ವರ್ಗವಾಗಿ ಹೋಗುತ್ತಾನೆ. ಕಡತವೂ ಅವನೊಡನೆ ಹೋಗುತ್ತದೆ. ಅಲ್ಲಿ ಅವನು ಹೊಸ ಪಂಗಡ ಕಟ್ಟುತ್ತಾನೆ, ಅಲ್ಲಿಯ ಐವರಿಗೆ ಕಳುಹಿಸುತ್ತಾನೆ. ಆ ಐವರಲ್ಲಿ ಒಬ್ಬ ಉದಾರಿ. ಟೆಲಿಗ್ರಾಮಿನ ಒಂದು ವಾಹಿನಿಯಲ್ಲಿ ಅದನ್ನು ಹಾಕಿಬಿಡುತ್ತಾನೆ. ಅಲ್ಲಿಂದ ಮುಂದೆ ಲೆಕ್ಕವಿಲ್ಲ. ಮೊದಲು ಕೊಂಡವನು ಬಸವನಗುಡಿಯಲ್ಲಿ ತನ್ನ ಪಾಡಿಗೆ ತಾನು ಇದ್ದಾನೆ. ಆದರೆ ಪ್ರತಿಯೊಂದು ಪುಟದ ಅಡಿಯಲ್ಲೂ ಅವನ ಹೆಸರಿದೆ. ಏಕೆಂದರೆ ಇಂಥ ಕಡತಗಳನ್ನು ಮಾರುವ ಮುಖ್ಯ ಮಳಿಗೆಯಾದ ಡ್ರೈವ್‌ಥ್ರೂ ಆರ್‌ಪಿಜಿ, ಕೊಂಡವನ ಹೆಸರನ್ನೂ ಬೇಡಿಕೆಯ ಸಂಖ್ಯೆಯನ್ನೂ ಕಡತದ ಪುಟಗಳ ಮೇಲೆ ಮುದ್ರಿಸಿ ಕೊಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ಹಿಂದೆ ಮದುವೆಯಲ್ಲಿ ಉಡುಗೊರೆ ಕೊಟ್ಟ ಪಾತ್ರೆಯ ಮೇಲೆ ಹೆಸರು ಕೆತ್ತಿಸುತ್ತಿದ್ದಂತೆ. ಪಾತ್ರೆ ಯಾರ ಅಡುಗೆಮನೆಯಲ್ಲಿ ಸಿಕ್ಕರೂ ಕೊಟ್ಟವರು ಯಾರೆಂಬುದು ಗೊತ್ತಾಗುತ್ತಿತ್ತು!

ಹೀಗೆ ತನ್ನ ಹೆಸರು ಹೊತ್ತ ಪುಸ್ತಕವನ್ನು ಅಪರಿಚಿತರ ನಡುವೆ ಕಂಡ ಹುಡುಗನೊಬ್ಬನಿಗೂ ಅವನ ತಾತನಿಗೂ ಸಂಭಾಷಣೆ ನಡೆದರೆ ಹೇಗಿರಬಹುದು? ಯಾವ ಮನೆಯಲ್ಲಾದರೂ ನಡೆಯಬಹುದಾದ ಮಾತು ಅದು.

‘ಏನೋ ಅದು, ಮುಖ ಹೀಗೆ ಹುಳ್ಳಗೆ ಮಾಡ್ಕೊಂಡಿದೀಯ?’

‘ನಾನು ದುಡ್ಡು ಕೊಟ್ಟು ತೊಗೊಂಡ ಪುಸ್ತಕ ತಾತ. ಯಾರೋ ಊರಿಗೆಲ್ಲ ಹಂಚಿಬಿಟ್ಟಿದಾರೆ.’

‘ಹಂಚಿದರೆ ಹಂಚಲಿ ಬಿಡೋ. ನಮ್ಮ ಬೀದಿಗೆ ವಾರಪತ್ರಿಕೆ ತರಿಸ್ತಾ ಇದ್ದವರು ಒಬ್ಬರು. ಓದ್ತಾ ಇದ್ದವರು ಐದು ಮನೆಯವರು. ಯಾರಿಗೇನು ನಷ್ಟ ಆಯಿತು?’

‘ಪತ್ರಿಕೆ ಪಕ್ಕದ ಮನೆಗೆ ಹೋದಾಗ ನಿಮ್ಮ ಹತ್ತಿರ ಇರ್ತಿತ್ತಾ?’

‘ಅದು ಹೇಗಿರುತ್ತೆ? ವಾಪಸು ಬರೋ ತನಕ ಕಾಯಬೇಕು. ಧಾರಾವಾಹಿಯ ಕಂತು ಯಾರ ಮನೇಲಿ ಸಿಕ್ಕಿಕೊಂಡಿದೆ ಅಂತ ನಿಮ್ಮಜ್ಜಿ ಬೀದಿಯೆಲ್ಲ ವಿಚಾರಿಸೋಳು.’

‘ಇದು ಹಾಗಲ್ಲ. ನಾನು ಕೊಟ್ಟ ಮೇಲೂ ನನ್ನ ಹತ್ತಿರ ಇರುತ್ತೆ. ತೊಗೊಂಡವನ ಹತ್ತಿರಾನೂ ಇರುತ್ತೆ. ಅವನು ಯಾರಿಗೆ ಕೊಡ್ತಾನೋ ಅವನ ಹತ್ತಿರಾನೂ ಇರುತ್ತೆ.’

ತಾತ ಕನ್ನಡಕ ತೆಗೆದು ಒರೆಸಿಕೊಂಡಾರು. ‘ಹಾಗಾದರೆ ನೀನು ಕೊಟ್ಟಿದ್ದು ಪುಸ್ತಕ ಅಲ್ಲ ಕಣೋ. ಅಚ್ಚುಕೂಟವನ್ನೇ ಎತ್ತಿ ಕೊಟ್ಟಿದೀಯ.’

ಕಾನೂನು ಹೇಳುವುದೂ ಹೆಚ್ಚುಕಡಿಮೆ ತಾತನ ಮಾತನ್ನೇ. ಭಾರತದ ಕೃತಿಸ್ವಾಮ್ಯ ಅಧಿನಿಯಮ ೧೯೫೭ರದು. ೧೯೫೮ರ ಜನವರಿ ೨೧ರಂದು ಜಾರಿಗೆ ಬಂತು. ಪ್ರತಿಗಳನ್ನು ಮೊದಲ ಬಾರಿ ಜನರ ಕೈಗೆ ಬಿಡುವ ಹಕ್ಕು ಅದರ ಪ್ರಕಾರ ಕರ್ತೃವಿನದು. ಒಮ್ಮೆ ಚಲಾವಣೆಗೆ ಬಂದ ಪ್ರತಿಯ ಮೇಲೆ ಆ ಹಿಡಿತವಿಲ್ಲ. ಆದುದರಿಂದ ಕೊಂಡ ಪುಸ್ತಕವನ್ನು ಎರವಲು ಕೊಡಬಹುದು, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದವನಿಗೆ ಮಾರಬಹುದು, ಬಾಡಿಗೆಗೂ ಬಿಡಬಹುದು. ಈ ಬಡಾವಣೆಗಳಲ್ಲಿ ಒಂದಾನೊಂದು ಕಾಲಕ್ಕೆ ನಡೆಯುತ್ತಿದ್ದ ಬಾಡಿಗೆಯ ಪುಸ್ತಕಾಲಯಗಳು ನಿಂತಿದ್ದುದು ಈ ನೆಲೆಯ ಮೇಲೆಯೇ. ಅನಕೃ ಅವರ ಒಂದು ಕಾದಂಬರಿಯನ್ನು ಕೊಂಡು, ಗಟ್ಟಿಯಾದ ಕ್ಯಾಲಿಕೋ ಕಟ್ಟು ಹಾಕಿಸಿ, ಪುಟಗಳು ಮಾಸಿ ಅಂಚು ಸವೆಯುವವರೆಗೆ ಮನೆಯಿಂದ ಮನೆಗೆ ಓಡಾಡಿಸಿದ ಅಂಗಡಿಯವನು ಲೇಖಕನಿಗೆ ಮತ್ತೆ ಕಾಸು ಕೊಡಬೇಕಾಗಿರಲಿಲ್ಲ. ಆದರೆ ಒಂದು ಪ್ರತಿ ಒಂದು ಹೊತ್ತಿನಲ್ಲಿ ಒಂದೇ ಮನೆಯಲ್ಲಿರುತ್ತಿತ್ತು. ಸವೆದು ಹೋದರೆ ಇನ್ನೊಂದನ್ನು ಕೊಳ್ಳಬೇಕಿತ್ತು. ಆ ಮಿತಿಯೇ ಲೇಖಕನಿಗೆ ರಕ್ಷಣೆ.

ಕಡತದ ಸಂಗತಿ ಬೇರೆ. ಅದನ್ನು ಕಳುಹಿಸುವುದೆಂದರೆ ಹೊಸ ಪ್ರತಿಯನ್ನು ಮಾಡುವುದು. ವಿದ್ಯುನ್ಮಾನ ವಿಧಾನದಿಂದ ಯಾವುದೇ ಮಾಧ್ಯಮದಲ್ಲಿ ಸಂಗ್ರಹಿಸುವುದನ್ನೂ ಅಧಿನಿಯಮ ಪುನರುತ್ಪಾದನೆ ಎಂದೇ ಎಣಿಸುತ್ತದೆ. ಖಾಸಗಿ ಅಥವಾ ವೈಯಕ್ತಿಕ ಉಪಯೋಗಕ್ಕಾಗಿ ನ್ಯಾಯೋಚಿತವಾಗಿ ಬಳಸಿಕೊಳ್ಳುವುದಕ್ಕೆ ೫೨ನೆಯ ವಿಧಿಯಲ್ಲಿ ಅವಕಾಶವಿದೆ, ನಿಜ. ಮೇಜಿನ ಸುತ್ತ ಕುಳಿತ ಐವರು ಗೆಳೆಯರ ಉಪಯೋಗ ‘ಖಾಸಗಿ’ಯಾದೀತೇ? ಅಧಿನಿಯಮ ಅದನ್ನು ಬಿಡಿಸಿ ಹೇಳಿಲ್ಲ. ಒಬ್ಬನ ಫೋನಿನಲ್ಲಿ ತೆರೆದ ಪುಟವನ್ನು ಐವರು ಬಾಗಿ ನೋಡಿದರೆ ಯಾವ ನ್ಯಾಯಾಧೀಶರೂ ಹುಬ್ಬು ಗಂಟಿಕ್ಕಲಾರರು. ಅದೇ ಕಡತವನ್ನು ಐನೂರು ಮಂದಿಯ ವಾಹಿನಿಗೆ ಸುರಿದರೆ ಖಾಸಗಿ ಎನ್ನಲು ಯಾವ ವಕೀಲರಿಗೂ ಬಾಯಿ ಬರಲಾರದು. ದೆಹಲಿ ವಿಶ್ವವಿದ್ಯಾಲಯದ ನಕಲಂಗಡಿಯ ಪ್ರಕರಣದಲ್ಲಿ ೨೦೧೬ರಲ್ಲಿ ಬಂದ ತೀರ್ಪನ್ನು ಕೆಲವರು ಇಲ್ಲಿಗೂ ಎಳೆಯುತ್ತಾರೆ. ಅದು ಪಾಠ ಹೇಳುವುದಕ್ಕಾಗಿ ಮಾಡಿದ ಪ್ರತಿಗಳನ್ನು ಕುರಿತದ್ದು. ರಾಕ್ಷಸರ ಕೋಶವನ್ನು ಪಠ್ಯಪುಸ್ತಕವೆಂದು ಸಾಧಿಸಲು ಹೊರಟರೆ ನ್ಯಾಯಾಲಯದಲ್ಲಿ ನಗೆಯಷ್ಟೇ ದೊರೆತೀತು.

ವಾರಪತ್ರಿಕೆಯ ಓದುಗರಿಗೆ ಈ ಪ್ರಶ್ನೆ ದೂರದ್ದಾಗಿ ಕಾಣಬಾರದು. ಸೋಂಕಿನ ಭಯದಿಂದ ಊರೆಲ್ಲ ಬಾಗಿಲು ಹಾಕಿದ್ದ ೨೦೨೦ರಲ್ಲಿ ಪತ್ರಿಕೆಗಳ ಪಿ.ಡಿ.ಎಫ್. ಪ್ರತಿಗಳು ಬೆಳಗಾಗುವ ಮೊದಲೇ ಫೋನಿನಿಂದ ಫೋನಿಗೆ ಹಾರುತ್ತಿದ್ದುದು ಎಲ್ಲರಿಗೂ ನೆನಪಿದೆ. ಹಿಂದಿಯ ದೊಡ್ಡ ಪತ್ರಿಕೆಯೊಂದರ ಒಡೆಯರಾದ ಜಾಗರಣ್ ಪ್ರಕಾಶನದವರು ಟೆಲಿಗ್ರಾಮಿನ ಮೇಲೆ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಅಂಥ ವಾಹಿನಿಗಳನ್ನು ತೆಗೆದುಹಾಕಬೇಕೆಂದು ಆ ವರ್ಷದ ಮೇ ೨೯ರಂದು ಆಜ್ಞೆಯಾಯಿತು. ಪಕ್ಕದ ಮನೆಗೆ ಪತ್ರಿಕೆ ಕೊಡುವುದು ಸ್ನೇಹಾಚಾರ. ಪತ್ರಿಕೆಯನ್ನು ಊರಿಗೆಲ್ಲ ಪುಕ್ಕಟೆ ಅಚ್ಚುಹಾಕಿ ಹಂಚುವುದು ಸ್ಪರ್ಧೆ. ಬೆರಳಿನ ಒಂದೇ ಒತ್ತಿನಲ್ಲಿ ಮೊದಲನೆಯದು ಎರಡನೆಯದಾಗಿಬಿಡುತ್ತದೆ ಎಂಬುದೇ ಈ ಕಾಲದ ವಿಚಿತ್ರ.

ಕೊಳ್ಳುವವರ ಪಕ್ಷದಲ್ಲೂ ನ್ಯಾಯವಾದ ದೂರುಂಟು. ಅದನ್ನು ಮುಚ್ಚಿಟ್ಟು ಲೇಖಕರ ಪಕ್ಷವನ್ನಷ್ಟೇ ಹೇಳುವುದು ಸಲ್ಲದು. ಕಡತವನ್ನು ಮಾರುವವರು ಅನೇಕ ವೇಳೆ ಮಾರುವುದು ಪುಸ್ತಕವನ್ನಲ್ಲ, ಓದುವ ಅನುಮತಿಯನ್ನು. ಅನುಮತಿ ಕೊಟ್ಟ ಕೈ ಅದನ್ನು ಹಿಂದಕ್ಕೂ ತೆಗೆದುಕೊಳ್ಳಬಲ್ಲದು. ೨೦೦೯ರ ಜುಲೈಯಲ್ಲಿ ಅಮೆಜಾನ್ ಕಂಪನಿ, ಮಾರಲು ಹಕ್ಕಿಲ್ಲದವರಿಂದ ಬಂದ ಪ್ರತಿಗಳೆಂಬ ಕಾರಣದಿಂದ, ಜಾರ್ಜ್ ಆರ್ವೆಲ್ಲರ ಎರಡು ಕಾದಂಬರಿಗಳನ್ನು ಗಿರಾಕಿಗಳ ಓದುಯಂತ್ರಗಳಿಂದ ಅವರಿಗೆ ತಿಳಿಯದಂತೆಯೇ ಅಳಿಸಿಹಾಕಿತು. ಹಣ ವಾಪಸು ಬಂತು, ಅನಂತರ ಕ್ಷಮೆಯನ್ನೂ ಕೇಳಿದರು; ಆದರೆ ಪುಸ್ತಕದಂಗಡಿಯವನು ನಡುರಾತ್ರಿ ಮನೆಹೊಕ್ಕು ಕಪಾಟಿನಿಂದ ಪುಸ್ತಕ ಒಯ್ದು, ಮೇಜಿನ ಮೇಲೆ ನೋಟು ಇಟ್ಟುಹೋದರೆ ಯಾರು ಒಪ್ಪುತ್ತಾರೆ? ಅಳಿಸಿಹೋದ ಎರಡರಲ್ಲಿ ಒಂದು, ಹಳೆಯ ಬರಹಗಳನ್ನು ಅಳಿಸಿ ತಿದ್ದುವ ಸರ್ಕಾರವನ್ನು ಚಿತ್ರಿಸುವ ‘೧೯೮೪’ ಎಂಬುದು ದೈವದ ವಿನೋದವೆನ್ನಬೇಕು.

ಆಟದ ಪುಸ್ತಕಗಳ ಲೋಕದಲ್ಲಿಯೂ ಅದೇ ವರ್ಷ ಅಂಥದೇ ಒಂದು ಪ್ರಕರಣ ನಡೆಯಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹಕ್ಕುಗಳು ಅಷ್ಟರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿಯ ಕೈ ಸೇರಿದ್ದವು. ಆಗತಾನೇ ಹೊರಬಂದಿದ್ದ ಆಟಗಾರರ ಎರಡನೆಯ ಕೈಪಿಡಿಯ ಕಳ್ಳಪ್ರತಿಗಳು ಎಲ್ಲೆಡೆ ಹಬ್ಬಿದುದನ್ನು ಕಂಡ ಕಂಪನಿ, ಎಂಟು ಮಂದಿಯ ಮೇಲೆ ದಾವೆ ಹೂಡಿತು. ಅಷ್ಟಕ್ಕೇ ನಿಲ್ಲದೆ, ಅಧಿಕೃತವಾಗಿ ಮಾರುತ್ತಿದ್ದ ತನ್ನ ಎಲ್ಲ ಪಿ.ಡಿ.ಎಫ್. ಪುಸ್ತಕಗಳನ್ನೂ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಮತ್ತೆ ಮಾರಲು ತೊಡಗಿದುದು ೨೦೧೩ರಲ್ಲಿ. ನಡುವಿನ ಆ ವರ್ಷಗಳಲ್ಲಿ ಪ್ರಾಮಾಣಿಕನಿಗೆ ಅಂಗಡಿಯೇ ಇರಲಿಲ್ಲ. ಕಳ್ಳಪ್ರತಿಯವನಿಗೆ ಏನೂ ಕಡಿಮೆಯಾಗಲಿಲ್ಲ. ಕಳ್ಳನನ್ನು ಹಿಡಿಯಲು ಹೋಗಿ ನೆಂಟರಿಗೆ ಬಾಗಿಲು ಹಾಕಿದ ಹಾಗಾಯಿತು.

ಕಂಪನಿಗಳಿಗೂ ಕಾಲಕ್ರಮದಲ್ಲಿ ಬುದ್ಧಿ ಬಂದಿದೆ ಎನ್ನಬಹುದು, ಪೂರ್ತಿಯಾಗಿ ಅಲ್ಲದಿದ್ದರೂ. ‘ಡಿ ಅಂಡ್ ಡಿ ಬಿಯಾಂಡ್’ ಎಂಬ ಅಧಿಕೃತ ತಾಣದಲ್ಲಿ ಮೇಲ್ದರ್ಜೆಯ ವಂತಿಗೆ ತೆತ್ತ ಒಬ್ಬ ಸದಸ್ಯನು, ತಾನು ಕೊಂಡ ಗ್ರಂಥಗಳನ್ನು ತನ್ನ ಪಂಗಡದ ಆಟಗಾರರಿಗೆ ಓದಲು ತೆರೆದಿಡಬಹುದು. ಕೂಟಕ್ಕೊಂದು ಪುಸ್ತಕ ಎಂಬ ಹಳೆಯ ತತ್ತ್ವವನ್ನು ಮಾರುವವರೇ ಒಪ್ಪಿಕೊಂಡ ಹಾಗಾಯಿತು. ವಂತಿಗೆ ನಿಂತ ದಿನ ಆ ಬಾಗಿಲು ಮುಚ್ಚುತ್ತದೆ. ಬಾಡಿಗೆಯ ಪುಸ್ತಕಾಲಯದ ನೀತಿಯೇ ಇದೂ. ಗೊತ್ತಿದ್ದು ಸೇರಿದವರಿಗೆ ಇದರಲ್ಲಿ ಮೋಸವಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದು ಆಟಗಾರರಿಗೇ ಸರಿಯಾಗಿ ತಿಳಿದಂತಿಲ್ಲ. ಆಟದ ಮೂಲನಿಯಮಗಳನ್ನು ಹಂಚಿಕೊಳ್ಳಲು ಕಳ್ಳದಾರಿ ಹಿಡಿಯಬೇಕಾದ ಅಗತ್ಯವೇ ಇಲ್ಲ. ೨೦೦೦ನೆಯ ಇಸವಿಯಲ್ಲೇ ಕಂಪನಿ ನಿಯಮಗಳ ಸಾರಸಂಗ್ರಹವೊಂದನ್ನು ಮುಕ್ತ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟಿತ್ತು. ೨೦೨೩ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿಮಾಡುವ ಕರಡು ಬಯಲಾಯಿತು; ಅದನ್ನು ನಂಬಿ ಪುಸ್ತಕ ಬರೆದು ಬದುಕುತ್ತಿದ್ದ ನೂರಾರು ಸಣ್ಣ ಲೇಖಕರೂ ಆಟಗಾರರೂ ರೇಗಿ ಎದ್ದರು; ವಂತಿಗೆಗಳನ್ನು ರದ್ದುಮಾಡಿದರು. ಕಂಪನಿ ಹಿಂದೆಗೆಯಿತು. ಆ ತಿಂಗಳ ೨೭ರಂದು ಸಾರಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿತು. ಇನ್ನು ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮೂಲವನ್ನು ಹೆಸರಿಸಿ ಯಾರು ಯಾರಿಗೆ ಬೇಕಾದರೂ ಹಂಚಬಹುದು, ಕನ್ನಡಕ್ಕೆ ಅನುವಾದಿಸಿ ಅಚ್ಚುಹಾಕಿಸಿ ಮಾರಲೂಬಹುದು. ಹೊಸಬರು ನಾಲ್ಕು ವಾರ ಆಡಿ ನೋಡಲು ಬೇಕಾದುದೆಲ್ಲ ಅದರಲ್ಲಿದೆ. ಹೀಗಿರಲು, ಅಮೂಲ್ಯವಾದುದನ್ನು ಕೊಡುತ್ತಿರುವೆನೆಂಬ ಗುಟ್ಟಿನ ಸಂಭ್ರಮದಿಂದ ಕಳ್ಳಪ್ರತಿಯನ್ನು ಕಳುಹಿಸುವವನು, ಧರ್ಮಛತ್ರದ ಮುಂದೆ ನಿಂತು ಕದ್ದ ಅನ್ನ ಬಡಿಸಿದಂತೆ.

ಕನ್ನಡದಲ್ಲಿ ಇಂಥ ಔದಾರ್ಯಕ್ಕೆ ನಿದರ್ಶನವಿಲ್ಲದೆ ಇಲ್ಲ. ನಿರಂಜನರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು ಅವರ ಕುಟುಂಬದವರು ೨೦೧೪ರಲ್ಲಿ ಇದೇ ಬಗೆಯ ಪರವಾನಗಿಗೆ ಒಪ್ಪಿಸಿದರು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯವೂ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ಬಿಟ್ಟುಕೊಟ್ಟಿತು. ಕೊಟ್ಟವರು ಕೊಡುವ ಅಧಿಕಾರವಿದ್ದವರು ಎಂಬುದನ್ನು ಗಮನಿಸಬೇಕು.

ನಿಯಮ ಬೇರೆ, ನಿಯಮವನ್ನು ಬರೆದ ಮಾತು ಬೇರೆ ಎಂಬುದೂ ಆಟಗಾರರಿಗೆ ಅನುಕೂಲವಾದ ತತ್ತ್ವ. ‘ಹಮ್ ಹಿಂದುಸ್ತಾನಿ’ ಎಂಬ ನಾಟಕದ ಕರ್ತೃ ಆರ್.ಜಿ. ಆನಂದ್ ಅವರು ‘ನ್ಯೂ ಡೆಲ್ಲಿ’ ಎಂಬ ಚಲನಚಿತ್ರದವರ ಮೇಲೆ ಹೂಡಿದ್ದ ದಾವೆಯಲ್ಲಿ, ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಕಲ್ಪನೆಗೆ ಕೊಟ್ಟ ರೂಪಕ್ಕೆ ಮಾತ್ರ ಉಂಟು ಎಂದು ಸರ್ವೋಚ್ಚ ನ್ಯಾಯಾಲಯ ೧೯೭೮ರಲ್ಲಿ ವಿಧಿಸಿತು. ಇಪ್ಪತ್ತು ಮುಖದ ದಾಳವನ್ನು ಉರುಳಿಸಿ ಬಂದ ಅಂಕಿಗೆ ತೋಳ್ಬಲದ ಅಂಕಿಯನ್ನು ಕೂಡಿಸಬೇಕು ಎಂಬುದು ಕಲ್ಪನೆ. ಅದನ್ನು ಯಾರು ಬೇಕಾದರೂ ಹೇಳಿಕೊಡಬಹುದು. ಮುನ್ನೂರು ಪುಟದ ಗದ್ಯ, ಚಿತ್ರಗಳು, ಭೂಪಟಗಳು, ಇವು ಬರೆದವರ, ಬಿಡಿಸಿದವರ ದುಡಿಮೆ. ಸೂತ್ರಧಾರ ಪುಸ್ತಕವನ್ನು ಓದಿ, ಬೇಕಾದಷ್ಟನ್ನು ತನ್ನ ಮಾತಿನಲ್ಲಿ ಎರಡು ಹಾಳೆಯಲ್ಲಿ ಬರೆದು ನಾಲ್ವರಿಗೂ ಕೊಟ್ಟರೆ ಆಟವೂ ನಡೆಯುತ್ತದೆ, ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ. ಚೌಕಾಬಾರದ ಅಜ್ಜಿ ಮಾಡಿದುದೂ ಅದನ್ನೇ ಅಲ್ಲವೇ? ಒಂದು ಸಂಜೆ ಬರೆಯುವ ಶ್ರಮವುಂಟು, ಅಷ್ಟೆ. ಕಡತ ಕಳುಹಿಸಲು ಒಂದು ಕ್ಷಣ ಸಾಕು. ಸೋಮಾರಿತನ ಗೆಲ್ಲುವುದು ಇಲ್ಲಿಯೇ.

ಅನ್ನದ ಮಾತು ಅಲಂಕಾರಕ್ಕೆ ಬಂದುದಲ್ಲ. ದೊಡ್ಡ ಕಂಪನಿಗೆ ಐದು ಪ್ರತಿ ಹೆಚ್ಚಾದರೂ ಕಡಿಮೆಯಾದರೂ ಒಂದೇ. ಆದರೆ ಈ ಬಗೆಯ ಆಟಗಳಲ್ಲಿ ಬಹುಪಾಲನ್ನು ಬರೆಯುವವರು ಒಬ್ಬಿಬ್ಬರು. ತಾವೇ ಬರೆದು, ಚಿತ್ರಕಾರನಿಗೆ ಕೈಯಿಂದ ಕೊಟ್ಟು, ಐದು ಹತ್ತು ಡಾಲರಿಗೆ ಕಡತವನ್ನು ಮಾರುತ್ತಾರೆ. ಅವರ ಮಟ್ಟಿಗೆ ನೂರು ಪ್ರತಿ ಮಾರಿದರೆ ಹಬ್ಬ. ಪುಸ್ತಕಗಳನ್ನು ಹ��ತ್ತು ಊರೂರು ತಿರುಗಿ ಮಾರಿದ ಗಳಗನಾಥರ ಕಥೆ ಕೇಳಿ ಕಣ್ಣೊರೆಸಿಕೊಳ್ಳುವ ಕನ್ನಡಿಗರು ಇದನ್ನು ಅರ್ಥಮಾಡಿಕೊಳ್ಳಬಲ್ಲರು. ಅಂಥ ಸಣ್ಣ ಲೇಖಕರಲ್ಲಿ ಕೆಲವರ ಸೌಜನ್ಯವೂ ದೊಡ್ಡದು. ‘ಇಚ್.ಐಓ’ ಎಂಬ ಮಳಿಗೆಯಲ್ಲಿ ಅವರು, ಹಣ ಕೊಡಲಾರದವರಿಗೆಂದೇ ಒಂದಷ್ಟು ಪ್ರತಿಗಳನ್ನು ಸಮುದಾಯದ ಪ್ರತಿ ಎಂದು ಪ್ರತ್ಯೇಕವಾಗಿ ಇಟ್ಟಿರುತ್ತಾರೆ. ಕಾರಣ ಹೇಳಬೇಕಿಲ್ಲ, ಕೇಳುವವರೂ ಇಲ್ಲ, ತೆಗೆದುಕೊಂಡು ಓದಬಹುದು. ನಾಲ್ಕು ಸಾವಿರದ ಪುಸ್ತಕವನ್ನು ಕೊಳ್ಳಲಾರೆನೆಂದು ಮರುಗುವ ಬೆಂಗಳೂರಿನ ಹುಡುಗನಿಗೆ ಅಲ್ಲಿಯೂ ಒಂದು ಬಾಗಿಲು ತೆರೆದಿದೆ.

ಉಳಿದುದು ವ್ಯವಹಾರದ ಪ್ರಶ್ನೆ. ಐವರು ಸೇರಿ ಚೀಟಿ ಹಾಕಿದಂತೆ ತಲೆಗಿಷ್ಟು ಕೂಡಿಸಿ ಕಾಗದದ ಪುಸ್ತಕವನ್ನೇ ತರಿಸುವ ಕ್ರಮ ಎಲ್ಲಕ್ಕಿಂತ ನಿಶ್ಚಿಂತೆಯದು. ಒಬ್ಬೊಬ್ಬರಿಗೆ ೨,೪೦೦ ರೂಪಾಯಿಯ ಮೇಲೆ ಸ್ವಲ್ಪ ಬಿದ್ದೀತು. ಹೊರಗೆ ಎರಡು ಬಾರಿ ಊಟ ಮಾಡಿದ ಖರ್ಚು. ಪುಸ್ತಕವನ್ನು ಸೂತ್ರಧಾರನ ಮನೆಯಲ್ಲಿಟ್ಟು, ಬೇಕಾದವರು ವಾರಕ್ಕೊಬ್ಬರಂತೆ ಒಯ್ಯಬಹುದು. ಆದರೆ ಆಟ ಆರಂಭವಾಗುವ ಮೊದಲೇ ಒಂದು ಮಾತನ್ನು ಇತ್ಯರ್ಥಮಾಡಿಕೊಂಡಿರುವುದು ಮೇಲು. ಪಂಗಡಗಳು ಒಡೆಯುವುದು ರಾಕ್ಷಸರಿಂದಲ್ಲ. ಮದುವೆ, ವರ್ಗಾವಣೆ, ರಾತ್ರಿಪಾಳಿಗಳಿಂದ. ಒಬ್ಬ ಹೊರಟಾಗ ಅವನ ಪಾಲಿನ ೨,೪೦೦ ರೂಪಾಯಿಯನ್ನು ಹಿಂದಿರುಗಿಸುವುದೋ, ಅವನ ಜಾಗಕ್ಕೆ ಬಂದವನಿಂದ ಕೊಡಿಸುವುದೋ? ಪುಣೆಗೆ ಹೋಗುವವನೇ ಸೂತ್ರಧಾರನಾದರೆ ಮೂರು ಪುಸ್ತಕಗಳ ಗತಿಯೇನು? ಅಣ್ಣತಮ್ಮಂದಿರು ಪಾಲಾಗುವಾಗ ತಾಮ್ರದ ಹಂಡೆಯೊಂದಕ್ಕೆ ಮೂರು ದಿನ ಮಾತು ಬಿಟ್ಟದ್ದನ್ನು ಕಂಡ ತಾತಂದಿರು ಈ ವಿಷಯದಲ್ಲಿ ಮೊಮ್ಮಕ್ಕಳಿಗೆ ಉಪಯುಕ್ತವಾದ ಸಲಹೆ ಕೊಡಬಲ್ಲರು.